ಬಾಂಬು ಬಿದ್ದ ಸುದ್ದಿ ಒಂಬತ್ತರ ವಾರ್ತೆಯಲ್ಲಿರಲಿಲ್ಲ

ರೇಡಿಯೊ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬೆಳಗಿನ ಪಾಳಿಯಲ್ಲಿ ಟೇಪು ತುಂಡಾಗಿ ಹನ್ನೊಂದು ಸೆಕೆಂಡು ಪ್ರಸಾರ ಮೌನವಾಯಿತು. ಡ್ಯೂಟಿ ರೂಮಿನ ಫೋನು ಬಡಿದುಕೊಳ್ಳತೊಡಗಿತು. ಲಾಗ್ ಬುಕ್ಕಿನಲ್ಲಿ ಬರೆದು, ಮೇಲಿನವರಿಗೆ ಸಮಜಾಯಿಷಿ ಕೊಟ್ಟು ಸಾಕುಸಾಕಾಯಿತು. ಹಾಗಾಗಿ ಬಿಬಿಸಿಯ ಯುದ್ಧಕಾಲದ ಒಂದು ದಿನ, 1940ರ ಅಕ್ಟೋಬರ್ 15, ನನ್ನನ್ನು ಮತ್ತೆ ಮತ್ತೆ ಸೆಳೆಯುತ್ತದೆ. ಅಂದು ಮಂಗಳವಾರ. ಲಂಡನ್ ಮೇಲೆ ಸೆಪ್ಟೆಂಬರ್ 7ರಿಂದ ಒಂದು ರಾತ್ರಿಯೂ ತಪ್ಪದೆ ಜರ್ಮನರ ಬಾಂಬು ಬೀಳುತ್ತಿತ್ತು.

ಬೆಳಿಗ್ಗೆ ಎಂಟರ ವಾರ್ತೆ ಮುಗಿದ ಮೇಲೆ 8.15ಕ್ಕೆ ಅಡುಗೆಯ ಮಾತು, ಐದೇ ನಿಮಿಷ. ಬೆಣ್ಣೆ, ಸಕ್ಕರೆಗೆ ಆ ಜನವರಿಯಿಂದಲೇ ಪಡಿತರ. ಇರುವ ಆಲೂಗಡ್ಡೆಯಲ್ಲಿ ಏನು ಮಾಡಬಹುದು ಎಂಬುದನ್ನು ಗೃಹಿಣಿ ಅಂಗಡಿಗೆ ಹೊರಡುವ ಮೊದಲೇ ಹೇಳಿಬಿಡಬೇಕು. ಕಾರ್ಯಕ್ರಮಕ್ಕೆ ಹೊತ್ತು ಗೊತ್ತುಮಾಡುವುದೆಂದರೆ ಇದು. ಹತ್ತೂವರೆಗೆ ಮತ್ತು ಮಧ್ಯಾಹ್ನ ಮೂರಕ್ಕೆ ಕಾರ್ಖಾನೆಗಳಿಗಾಗಿ ಅರ್ಧರ್ಧ ಗಂಟೆ ವಾದ್ಯಸಂಗೀತ. ಯಂತ್ರಗಳ ಗದ್ದಲದಲ್ಲೂ ಕೇಳಿಸುವಂತೆ ಒಂದೇ ಮಟ್ಟದ ಸದ್ದು. ತೂಕಡಿಕೆ ತರಿಸುವ ನಿಧಾನದ ರಾಗಗಳಿಗೆ ಪ್ರವೇಶವಿಲ್ಲ. ಮುಂದೆ, ನಡುವೆ ಚಪ್ಪಾಳೆ ತಟ್ಟಬೇಕಾದ ಒಂದು ಅಮೆರಿಕನ್ ಹಾಡನ್ನೇ ಕೈಬಿಟ್ಟರು. ಚಪ್ಪಾಳೆಯ ಜಾಗದಲ್ಲಿ ಕೆಲಸಗಾರರು ಸ್ಪ್ಯಾನರಿನಿಂದ ಯಂತ್ರಕ್ಕೇ ಬಡಿಯುವುದು ಬೇಡವೆಂದು. ಹಾಡು ಆರಿಸುವುದಕ್ಕಿಂತ ಬಿಡುವುದು ಕಷ್ಟ ಎಂದು ನಾವು ಹೊಸಬರಿಗೆ ಹೇಳುತ್ತಿದ್ದೆವು.

ಹವಾಮಾನದ ಮುನ್ಸೂಚನೆಯನ್ನಂತೂ ಯುದ್ಧ ಶುರುವಾದಂದಿನಿಂದಲೇ ನಿಲ್ಲಿಸಿದ್ದರು. ಶತ್ರುವಿನ ವಿಮಾನಕ್ಕೆ ಮೋಡ ಎಲ್ಲಿದೆ ಎಂದು ನಾವೇ ಏಕೆ ಹೇಳಬೇಕು?

ಕೇಳುಗರಿಗೆ ಕಾಣದ ಕಸರತ್ತು ಟ್ರಾನ್ಸ್‌ಮೀಟರುಗಳದ್ದು. ಮೀಡಿಯಂ ವೇವ್ ಪ್ರಸಾರ ಕೇಂದ್ರ ವಿಮಾನ ಚಾಲಕನಿಗೆ ದೀಪಸ್ತಂಭವಿದ್ದಂತೆ. ಬಳೆಯಾಕಾರದ ಆಂಟೆನಾವನ್ನು ತಿರುಗಿಸುತ್ತ ಹೋದರೆ, ದನಿ ಅಡಗುವ ಕೋನದಿಂದ ದಿಕ್ಕು ತಿಳಿಯುತ್ತದೆ. ಒಂದೊಂದು ಊರಿಗೆ ಒಂದೊಂದು ತರಂಗಾಂತರವಿದ್ದರೆ ನಕ್ಷೆಯೇ ಕೈಗೆ ಸಿಕ್ಕಂತೆ. ಅದಕ್ಕಾಗಿ 1939ರ ಸೆಪ್ಟೆಂಬರ್ 1ರ ಸಂಜೆ ಪ್ರಾದೇಶಿಕ ಪ್ರಸಾರಗಳನ್ನೆಲ್ಲ ನಿಲ್ಲಿಸಿ, ದೇಶಕ್ಕೆಲ್ಲ ಒಂದೇ ಕಾರ್ಯಕ್ರಮವನ್ನು 391 ಮತ್ತು 449 ಮೀಟರಿನ ಎರಡೇ ತರಂಗಾಂತರಗಳಿಗೆ ತಂದರು. ದೂರದೂರದ ಕೇಂದ್ರಗಳು ಒಂದೇ ತರಂಗಾಂತರದಲ್ಲಿ ಒಟ್ಟಿಗೆ ಮಾತಾಡಿದರೆ ಯಾವುದು ಎಲ್ಲಿದೆ ಎಂದು ಪತ್ತೆಯಾಗದು. ಆದರೆ ಅವುಗಳ ನಡುವೆ ಕೂದಲೆಳೆಯಷ್ಟು ವ್ಯತ್ಯಾಸವಾದರೂ ದನಿ ಅಲೆಯಲೆಯಾಗಿ ಏರಿಳಿದು ಕೇಳುವವನಿಗೆ ತಲೆನೋವು. ವಿಮಾನಗಳು ತೀರ ಹತ್ತಿರ ಬಂದರೆ ವಾಯುಪಡೆಯ ಸೂಚನೆಯಂತೆ ಆ ಕೇಂದ್ರವನ್ನು ಬಂದ್ ಮಾಡಿಬಿಡುತ್ತಿದ್ದರು. ಮನೆಯ ರೇಡಿಯೊದಲ್ಲಿ ಆಗ ದೂರದ ಇನ್ನೊಂದು ಕೇಂದ್ರದ ದನಿ, ಗೊರಗೊರ ಎನ್ನುತ್ತ, ಸಣ್ಣಗೆ. ಆದರೂ ಕಾರ್ಯಕ್ರಮ ಕಡಿಯುತ್ತಿರಲಿಲ್ಲ. ಎಂಜಿನಿಯರುಗಳ ಈ ಕೈಚಳಕದ ಮುಂದೆ ನಮ್ಮಂಥ ಕಾರ್ಯಕ್ರಮದವರ ಜಂಬ ಸ್ವಲ್ಪ ಇಳಿಯುತ್ತದೆ.

ಹಾಸ್ಯ ಮತ್ತು ಮನರಂಜನೆಯ ವಿಭಾಗ ಬ್ರಿಸ್ಟಲ್‌ಗೆ ಸ್ಥಳಾಂತರವಾಗಿತ್ತು. ವಾರ್ತೆ ಮಾತ್ರ ಲಂಡನ್ನಿನಲ್ಲಿದ್ದ ಬಿಬಿಸಿಯ ಮುಖ್ಯ ಕಟ್ಟಡ ಬ್ರಾಡ್‌ಕಾಸ್ಟಿಂಗ್ ಹೌಸಿನ ನೆಲಮಾಳಿಗೆಯ ಸ್ಟುಡಿಯೊದಿಂದ. ಆ ಬೇಸಿಗೆಯಿಂದ ವಾರ್ತೆ ಓದುವವರು ತಮ್ಮ ಹೆಸರು ಹೇಳತೊಡಗಿದ್ದರು. ಜರ್ಮನರು ಬಂದಿಳಿದು ಮೈಕಿನ ಮುಂದೆ ಕೂತರೂ ಜನ ದನಿ ಗುರುತಿಸಬೇಕು ಎಂಬ ಮುಂಜಾಗ್ರತೆ. ಅದುವರೆಗೆ ಹೆಸರಿಲ್ಲದ ದನಿಗಳಾಗಿದ್ದವರು ಹೀಗೆ ಮನೆಮಾತಾದರು.

ಅಂದು ರಾತ್ರಿ ಎಂಟರ ಹೊತ್ತಿಗೆ ಅದೇ ಕಟ್ಟಡದ ಏಳನೆಯ ಮಹಡಿಯ ಕಿಟಕಿಯಿಂದ ಒಂದು ಬಾಂಬು ಒಳನುಗ್ಗಿ, ಐದನೆಯ ಮಹಡಿಯ ಸಂಗೀತ ಗ್ರಂಥಾಲಯದಲ್ಲಿ ಬಿದ್ದುಕೊಂಡಿತು. ತಡವಾಗಿ ಸಿಡಿಯುವ ಜಾತಿಯದು. ಒಂಬತ್ತಕ್ಕೆ ಬ್ರೂಸ್ ಬೆಲ್‌ಫ್ರೇಜ್ ವಾರ್ತೆ ಶುರುಮಾಡಿದರು. ಎರಡು ನಿಮಿಷವಾಗುವಷ್ಟರಲ್ಲಿ, ಬಾಂಬನ್ನು ಸರಿಸುವ ಪ್ರಯತ್ನ ನಡೆದಿದ್ದಾಗಲೇ ಅದು ಸಿಡಿಯಿತು. ಸಿಬ್ಬಂದಿಯಲ್ಲಿ ಏಳು ಜನ ಸತ್ತರು.

ಕೇಳುಗರಿಗೆ ಮುಟ್ಟಿದ್ದು ಒಂದು ಮಂದ ಧಡ್ ಸದ್ದು. ಆಮೇಲೆ ಕ್ಷಣಕಾಲ ಮೌನ. ಏನಾಗಿಲ್ಲ, ಪರವಾಗಿಲ್ಲ ಎಂದು ಯಾರೋ ಪಿಸುಗುಟ್ಟಿದ ದನಿ. ಬೆಲ್‌ಫ್ರೇಜ್ ಹಾಳೆಯ ಮೇಲೆ ಉದುರಿದ ಗಾರೆಯ ಪುಡಿಯನ್ನು ಊದಿ, ಬಿಟ್ಟಲ್ಲಿಂದ ಓದು ಮುಂದುವರಿಸಿದರು. ಕಟ್ಟಡಕ್ಕೇ ಬಾಂಬು ಬಿದ್ದಿದೆ ಎಂದು ಅವರು ಹೇಳಲಿಲ್ಲ. ಹೇಳಿದ್ದರೆ ಗುರಿ ಸರಿಯಾಗಿ ತಗುಲಿತು ಎಂಬ ವರದಿ ಬರ್ಲಿನ್ನಿಗೆ ಪುಕ್ಕಟೆಯಾಗಿ ಸಿಗುತ್ತಿತ್ತು.

ನನ್ನ ಹನ್ನೊಂದು ಸೆಕೆಂಡಿನ ಮೌನಕ್ಕೆ ಕಾರಣವೆಂದು ಲಾಗ್ ಬುಕ್ಕಿನಲ್ಲಿ ನಾನು ಬರೆದದ್ದು "ಟೇಪು ತುಂಡಾಗಿದೆ" ಎಂಬ ಎರಡೇ ಪದ. ಅದಕ್ಕೂ ಕೈ ನಡುಗಿತ್ತು.