ಒಂದು ಡಬ್ಬ ಅಡಿಕೆ ಎಲ್ಲಿ ಹೋಯ್ತು?

ತೀರ್ಥಹಳ್ಳಿ ಕಡೆ ಮದುವೆಮನೆಗೆ ಹೋದರೆ ಈಗಲೂ ಯಾರಾದರೂ ಕೇಳುತ್ತಾರೆ, "ನೀನು ಎಂತ ಕೆಲಸ ಮಾಡೋದು ಮಾರಾಯ್ತಿ?" ಡಿಸೈನ್ ಅಂದರೆ "ಬ್ಲೌಸಿಂದಾ?" ಅನ್ನುತ್ತಾರೆ. ಈ ಕೆಲಸಕ್ಕೆ ಸೇರಿ ಹದಿನಾಲ್ಕು ವರ್ಷ ಆಯಿತು, ಊಟದ ಪಂಕ್ತಿಯಲ್ಲಿ ಹೇಳಿ ಮುಗಿಸುವಂಥ ಉತ್ತರ ಇನ್ನೂ ಸಿಕ್ಕಿಲ್ಲ. ಫೋನೋ ಮಷಿನ್ನೋ ಯಾರ ಕೈಗೆ ಹೋಗುತ್ತದೋ ಆ ಕೈಯನ್ನು ಮೊದಲು ನೋಡಿ ಬರುವುದು ನನ್ನ ಕೆಲಸ. ಇದಕ್ಕೆ ಐಎಸ್‌ಒ 9241-210 ಅನ್ನುವ ಅಂತರರಾಷ್ಟ್ರೀಯ ಮಾನದಂಡವೂ ಇದೆ. 2010ರಲ್ಲಿ ಬಂತು, 2019ರಲ್ಲಿ ತಿದ್ದುಪಡಿ ಆಯಿತು. ಬಳಸುವವರು ಯಾರು, ಅವರ ಕೆಲಸ ಏನು, ಅದು ಎಂಥ ಜಾಗದಲ್ಲಿ ನಡೆಯುತ್ತದೆ ಅಂತ ತಿಳಿದುಕೊಂಡು ಶುರು ಮಾಡಿ, ಮಾಡಿದ್ದನ್ನು ಅವರ ಕೈಗೇ ಕೊಟ್ಟು ನೋಡಿ, ಸರಿಯಾಗದಿದ್ದರೆ ಮತ್ತೆ ಮಾಡಿ ಅನ್ನುತ್ತದೆ. ಓದುವಾಗ ಸುಲಭ ಅನ್ನಿಸುತ್ತದೆ.

ಎರಡು ವರ್ಷದ ಹಿಂದೆ ಒಂದು ಸಣ್ಣ ಕಂಪನಿಯವರು ಅಡಿಕೆ ಸುಲಿಯುವವರ ಲೆಕ್ಕ ಬರೆಯುವ ಆ್ಯಪ್ ಬೇಕು ಅಂದರು. ನಮ್ಮಲ್ಲಿ ಸುಲಿಯುವುದು ಹೆಚ್ಚಾಗಿ ಹೆಂಗಸರು. ಕೊಯ್ಲಿನ ದಿನಗಳಲ್ಲಿ ಸಂಜೆಯಿಂದ ಹತ್ತು ಹನ್ನೊಂದು ಗಂಟೆವರೆಗೆ ಚಪ್ಪರದಲ್ಲಿ ಕೂತು ಸುಲಿಯುತ್ತಾರೆ. ಡಬ್ಬ ತುಂಬಿದ ಹಾಗೆಲ್ಲ ಯಜಮಾನರ ಮನೆಯವರು ನೋಟ್‌ಬುಕ್ಕಿನಲ್ಲಿ ಒಂದು ಗೀಟು ಹಾಕುತ್ತಾರೆ. ನಾಲ್ಕು ಗೀಟು, ಅಡ್ಡ ಒಂದು, ಐದಾಯಿತು. ಈ ನೋಟ್‌ಬುಕ್ಕನ್ನು ಫೋನಿಗೆ ತಂದರೆ ಮುಗಿಯಿತು ಅಂದುಕೊಂಡು ಬೆಂಗಳೂರಿನಲ್ಲಿ ಕೂತು ಚಂದವಾಗಿ ಮಾಡಿದೆವು. ನಾನೂ ಒಪ್ಪಿದ್ದೆ. ಅದೇ ಚಪ್ಪರದಲ್ಲಿ ಆಡಿ ಬೆಳೆದವಳು ನಾನು, ಹೊಸದಾಗಿ ನೋಡುವುದು ಏನಿದೆ ಅನ್ನುವ ಸೊಕ್ಕು.

ಮೊದಲ ರಾತ್ರಿಯೇ ಗೊತ್ತಾಯಿತು. ನಮ್ಮ ಆ್ಯಪ್‌ನಲ್ಲಿ ಸುಲಿದವರೇ ತಮ್ಮ ಹೆಸರು ಒತ್ತಬೇಕಿತ್ತು. ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತವರು ಡಬ್ಬ ತುಂಬುವವರೆಗೆ ಎದ್ದು ಬರುವುದಿಲ್ಲ. ಹಸಿ ಅಡಿಕೆ ಸುಲಿದ ಬೆರಳು ಒದ್ದೆ, ತುದಿಯೆಲ್ಲ ಕಪ್ಪು. ನಮ್ಮ ಫೋನಿನ ಸ್ಕ್ರೀನು ಬೆರಳಿನ ವಿದ್ಯುತ್ತಿನ ಗುಣ ಹಿಡಿದು ಕೆಲಸ ಮಾಡುತ್ತದೆ. ನೀರಿಗೂ ಆ ಗುಣ ಇದೆ. ಹಾಗಾಗಿ ಒಂದು ಹನಿ ಬಿದ್ದರೂ ಯಾರೋ ಒತ್ತಿದರು ಅಂತ ತಿಳಿಯುತ್ತದೆ, ಒದ್ದೆ ಬೆರಳಲ್ಲಿ ನಿಜವಾಗಿ ಒತ್ತಿದರೆ ಸುಮ್ನಿರುತ್ತದೆ. ಅರವತ್ತು ದಾಟಿದ ಒಬ್ಬ ಅಮ್ಮ ಎರಡು ಸಲ ಒತ್ತಿ ನೋಡಿದರು. ಮೂರನೇ ಸಲ ಬೆರಳು ಮಡಚಿ, ಗೆಣ್ಣಿನಿಂದ ಕುಟ್ಟಿದರು. ಕೆಲಸ ಮಾಡಿತು! ಗೆಣ್ಣು ಒಣಗಿತ್ತಲ್ಲ. ಆದರೆ ಗೆಣ್ಣು ದಪ್ಪ, ಅದು ಪಕ್ಕದವರ ಹೆಸರಿಗೂ ತಾಗಿತು.

ಆಂಡ್ರಾಯ್ಡ್ ಆ್ಯಪ್‌ಗಳಲ್ಲಿ ಒತ್ತುವ ಜಾಗ ಸುಮಾರು 9 ಮಿಲಿಮೀಟರ್ ಇರಲಿ ಅಂತ ಗೂಗಲ್‌ನ ಸಲಹೆ. ನಾವು ಅಷ್ಟೇ ಇಟ್ಟಿದ್ದೆವು. ಅದು ಒಣ ಬೆರಳ ತುದಿಗೆ ಸಾಕು. ಗೆಣ್ಣಿಗೆ ಅದರ ದುಪ್ಪಟ್ಟು ಬೇಕಾಯಿತು.

ಆ ಅಮ್ಮ ಹೇಳಿದ್ದು ಏನು ಗೊತ್ತಾ? "ನಂಗೆ ಇದೆಲ್ಲ ಬರೋದಿಲ್ಲ ಅಮ್ಮ, ಮಗನಿಗೆ ಹೇಳ್ಕೊಡಿ." ತಪ್ಪು ನಮ್ಮದು, ನಾಚಿಕೊಂಡವರು ಅವರು. ಇಷ್ಟು ವರ್ಷದಲ್ಲಿ ಈ ಮಾತನ್ನು ಎಷ್ಟು ಹೆಂಗಸರ ಬಾಯಲ್ಲಿ ಕೇಳಿದ್ದೇನೋ. ಹೊಸದಾಗಿ ಸೇರಿದ ಹುಡುಗಿಯರಿಗೆ ನಾನು ಹೇಳುವುದು ಇಷ್ಟೇ: "ನಂಗೆ ಬರಲ್ಲ" ಅಂತ ಕೇಳಿಸಿದ ತಕ್ಷಣ ಪೆನ್ನು ತೆಗೆ, ಆಗ ಸ್ಕ್ರೀನಿನಲ್ಲಿ ಏನಿತ್ತು ಅಂತ ಬರೆದುಕೋ.

ಲೂಸಿ ಸಚ್‌ಮನ್ ಅನ್ನುವ ಮಾನವಶಾಸ್ತ್ರಜ್ಞೆ 1980ರ ದಶಕದ ಶುರುವಿನಲ್ಲಿ ಇದನ್ನೇ ಮಾಡಿದರು. ಫೋಟೊಕಾಪಿಗೇ ನಾವು ಝೆರಾಕ್ಸ್ ಅಂತೀವಲ್ಲ, ಆ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ. ಮಷಿನ್ ಸುಲಭ ಅಂತ ಜಾಹೀರಾತು. ಜನ ಕಷ್ಟ ಅಂತಿದ್ದರು. ಸಚ್‌ಮನ್ ಬಳಸುವವರ ವಿಡಿಯೊ ಮಾಡಿದರು. ಒಂದರಲ್ಲಿ ಕಂಪ್ಯೂಟರ್ ಕ್ಷೇತ್ರದ ಇಬ್ಬರು ಘಟಾನುಘಟಿಗಳೇ ಕಾಪಿ ತೆಗೆಯಲು ತಿಣುಕುತ್ತಿದ್ದಾರೆ. ಅವರಿಗೆ ಓದು ಬರಹ ಬರುವುದಿಲ್ಲ ಅಂತ ಯಾರೂ ಹೇಳುವ ಹಾಗಿರಲಿಲ್ಲ.

ಇನ್ನು ನಮ್ಮ ಕನ್ನಡ. "ಸೇವ್" ಅನ್ನುವುದಕ್ಕೆ ಯಾರೋ "ಉಳಿಸು" ಅಂತ ಹಾಕಿದ್ದರು. "ಎಂತ ಉಳಿಸೋದು? ದುಡ್ಡಾ?" ಅಂತ ಚಪ್ಪರವಿಡೀ ನಗು. "ಬರ್ಕೋ" ಅಂತ ಬದಲಾಯಿಸಿದೆವು. ಬಟನ್ನಿನ ಎತ್ತರ ಇಂಗ್ಲಿಷ್ ಅಕ್ಷರಕ್ಕೆ ಅಳೆದು ಮಾಡಿದ್ದರಿಂದ ಕೆಳಗಿನ ಒತ್ತಕ್ಷರವೂ ಕತ್ತರಿಸಿ ಹೋಗಿತ್ತು. ತೀರ್ಥಹಳ್ಳಿ ಹೋಗಿ ತೀರ್ಥಹಳಿ. ನಮ್ಮೂರಿಗೆ ರೈಲು ಬರದಿದ್ದರೂ ಹಳಿ ಬಂತು.

ಹೆಂಗಸಾಗಿ ಈ ಕೆಲಸ ಹೇಗೆ ಅಂತ ಕೇಳುತ್ತಾರೆ. ಮೀಟಿಂಗಿನಲ್ಲಿ "ಬಣ್ಣ ಯಾವುದು ಹಾಕೋಣ, ಮೇಡಮ್ ಹೇಳ್ತಾರೆ" ಅನ್ನುವ ಗಂಡಸರು ಇದ್ದಾರೆ, ಇರಲಿ. ಚಪ್ಪರದಲ್ಲಿ ಸುಲಿಯುವ ಹೆಂಗಸರ ಪಕ್ಕ ಚಕ್ಕಳಮಕ್ಕಳ ಹಾಕಿ ಕೂರಲು ನನಗೆ ಆಗುತ್ತದೆ, ನಿಜ. ಆದರೆ ನಾನು ತೋಟದ ಮನೆಯವಳು, ಅವರು ಕೂಲಿಗೆ ಬಂದವರು. ನಾನು "ಚೆನ್ನಾಗಿದೆಯಾ?" ಅಂತ ಕೇಳಿದರೆ "ಚೆನ್ನಾಗಿದೆ ಅಮ್ಮ" ಅನ್ನದೆ ಇನ್ನೇನು ಅಂದಾರು? ಅದಕ್ಕೇ ಆ ಪ್ರಶ್ನೆ ಕೇಳುವುದು ಬಿಟ್ಟಿದ್ದೇನೆ. ಫೋನು ಕೊಟ್ಟು, ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಇದು ಈ ವೃತ್ತಿಯ ಅತಿ ಕಷ್ಟದ ಕೆಲಸ, ಯಾವ ಕೋರ್ಸಿನಲ್ಲೂ ನನಗೆ ಬರಲಿಲ್ಲ. ಕೋರ್ಸ್ ಬೇಕು ಅನ್ನುವವರಿಗೆ ದಾರಿ ಇದೆ. ಐಐಟಿಯಂಥ ಕಡೆ ಸ್ನಾತಕೋತ್ತರ ಡಿಸೈನ್ ಓದಲು ಸೀಡ್ (CEED) ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು, ಐಐಟಿ ಬಾಂಬೆ ನಡೆಸುತ್ತದೆ. ಎಂಜಿನಿಯರಿಂಗೇ ಆಗಿರಬೇಕು ಅಂತಿಲ್ಲ, ಬಿಎ ಓದಿದವರೂ ಬರೆಯಬಹುದು.

ಮತ್ತೆ ಚಪ್ಪರಕ್ಕೆ ಬರುತ್ತೇನೆ. ಅವರ ದೊಡ್ಡ ತಕರಾರು ಬಟನ್ನಿನದ್ದೇ ಅಲ್ಲ. "ನೋಟ್‌ಬುಕ್ ಆದ್ರೆ ತೆರ್ಕೊಂಡು ಬಿದ್ದಿರ್ತದೆ, ನಂಗೂ ಕಾಣ್ತದೆ. ಫೋನಲ್ಲಿ ಬರ್ದಿದ್ದು ಯಾರಿಗೆ ಕಾಣ್ತದೆ?" ಅಂದರು ಒಬ್ಬರು. ಡಬ್ಬದ ಲೆಕ್ಕವನ್ನು ಫೋನು ಜೋರಾಗಿ ಓದುವ ಹಾಗೆ ಮಾಡಿದೆವು. ಕಡಿಮೆ ಸುಲಿದವರ ಮುಖ ಸಣ್ಣದಾಯಿತು, ಎರಡೇ ದಿನಕ್ಕೆ ತೆಗೆದೆವು. ಕೊನೆಗೆ ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಂಬಕ್ಕೆ ಕಟ್ಟಿ, ಸ್ಕ್ರೀನಿನಲ್ಲಿ ಅವರ ಹಳೇ ಗೀಟುಗಳನ್ನೇ ಬರೆಸಿದೆವು. ಡಬ್ಬ ಸುರಿದವರು ಕಂಬದ ಹತ್ತಿರ ಹೋಗಿ ತಮ್ಮ ಹೆಸರು ಒತ್ತಿದರಾಯಿತು.

ಗೆಣ್ಣಿನಿಂದ ಒತ್ತಿದ ಅಮ್ಮ ಆಗಲೂ ತಮ್ಮ ಲೆಕ್ಕ ಬಿಟ್ಟಿರಲಿಲ್ಲ. ಡಬ್ಬಕ್ಕೊಂದು ಅಡಿಕೆ ತೆಗೆದು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಿದ್ದರು. ಒಂದು ರಾತ್ರಿ ಗಂಟು ಬಿಚ್ಚಿ ಎಣಿಸಿದರೆ ಹನ್ನೊಂದು. ಫೋನಿನಲ್ಲಿ ಹತ್ತು. "ನಂದು ಸರಿ" ಅಂದರು, ಅಷ್ಟೇ. ಮನೆಗೆ ಬಂದು ಕೋಡ್ ತೆಗೆದು ನೋಡಿದೆ. ನೀರ ಹನಿಯಿಂದ ಎರಡೆರಡು ಗೀಟು ಬೀಳಬಾರದು ಅಂತ, ಒಮ್ಮೆ ಒತ್ತಿದ ಮೇಲೆ ಎರಡು ಸೆಕೆಂಡು ಬೇರೆ ಏನನ್ನೂ ತೆಗೆದುಕೊಳ್ಳದ ಹಾಗೆ ನಾವೇ ಮಾಡಿದ್ದೆವು. ಅವರಿಗಿಂತ ಒಂದು ಕ್ಷಣ ಮುಂಚೆ ಪಕ್ಕದವರು ತಮ್ಮ ಹೆಸರು ಒತ್ತಿದ್ದರು. ಮರುದಿನ ಅದನ್ನು ಸರಿ ಮಾಡಿ, ಅವರ ಹೆಸರಿಗೆ ಒಂದು ಗೀಟು ಸೇರಿಸಿ ತೋರಿಸಿದೆ. ಕತ್ತು ಚಾಚಿ ನೋಡಿದರು, ಹೂಂ ಅಂದರು. ಸೆರಗಿಗೆ ಅಡಿಕೆ ಕಟ್ಟುವುದನ್ನು ಮಾತ್ರ ಬಿಡಲಿಲ್ಲ.