ಪದ ಪರಿಚಯ: ಅಯಾನುಗೋಳ ಮಾದರಿ

ಮೊದಲು ಕಾಗುಣಿತ. ಇದು ‘ಅಯನಗೋಳ’ವಲ್ಲ, ಉತ್ತರಾಯಣ, ದಕ್ಷಿಣಾಯನಗಳ ಅಯನಕ್ಕೂ ಇದಕ್ಕೂ ನಂಟಿಲ್ಲ. ಎಲೆಕ್ಟ್ರಾನ್ ಕಳೆದುಕೊಂಡ ಅಥವಾ ಪಡೆದುಕೊಂಡ ಕಣವೇ ಅಯಾನು. ಸುಮಾರು 60 ಕಿ.ಮೀ. ಎತ್ತರದಿಂದ ಮೇಲಕ್ಕೆ ಸೂರ್ಯನ ಅತಿನೇರಳೆ ಕಿರಣ ಮತ್ತು ಕ್ಷ-ಕಿರಣಗಳು ಗಾಳಿಯ ಕಣಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಬಿಡುಗಡೆ ಮಾಡುವ ವಲಯ ಅಯಾನುಗೋಳ. ‘ಮಾದರಿ’ಯೂ ಇಲ್ಲಿ ಮಾದರಿ ಗ್ರಾಮದ ಮಾದರಿಯಲ್ಲ. ಇಂಥ ದಿನ, ಇಂಥ ಹೊತ್ತು, ಇಂಥ ಜಾಗದ ಮೇಲೆ ಎಲೆಕ್ಟ್ರಾನುಗಳು ಎಷ್ಟಿರಬಹುದು ಎಂದು ಹೇಳುವ ಲೆಕ್ಕ ಅದು.

ಈ ಲೆಕ್ಕ ಬೇಕಾಗುವುದು ವಿಜ್ಞಾನಿಗಳಿಗೆ ಮಾತ್ರವಲ್ಲ. ಮಂಡ್ಯದ ಕಬ್ಬಿನ ಗದ್ದೆಯ ಬದುವಿನ ಮೇಲೆ ರೋವರ್ (ಉಪಗ್ರಹದ ಸಂಕೇತ ಹಿಡಿಯುವ ರಿಸೀವರ್) ಕೋಲು ಹಿಡಿದು ನಿಂತ ಸರ್ವೇಯರ್‌ಗೂ ಬೇಕು. ಉಪಗ್ರಹದ ಸಂಕೇತ ಈ ಎಲೆಕ್ಟ್ರಾನುಗಳ ನಡುವೆ ಹಾದುಬರುವಾಗ ತಡವಾಗಿ, ದೂರದ ಲೆಕ್ಕ ತಪ್ಪುತ್ತದೆ. ಉಪಗ್ರಹದಿಂದ ಆಂಟೆನಾವರೆಗೆ ಒಂದು ಚದರ ಮೀಟರ್ ಅಡ್ಡಕೊಯ್ತದ ಕೊಳವೆಯನ್ನು ಊಹಿಸಿಕೊಂಡು, ಅದರೊಳಗಿನ ಎಲೆಕ್ಟ್ರಾನುಗಳನ್ನೆಲ್ಲ ಕೂಡಿದರೆ ಬರುವ ಮೊತ್ತಕ್ಕೆ ‘ಟೆಕ್’ ಎನ್ನುತ್ತಾರೆ. 1ರ ಮುಂದೆ 16 ಸೊನ್ನೆ ಬರೆದರೆ ಎಷ್ಟೋ ಅಷ್ಟು ಎಲೆಕ್ಟ್ರಾನುಗಳು ಒಂದು ಟೆಕ್ ಯೂನಿಟ್. ಎಲೆಕ್ಟ್ರಾನುಗಳ ಸಂಖ್ಯೆಯನ್ನು 40.3ರಿಂದ ಗುಣಿಸಿ, ಹರ್ಟ್ಸ್‌ನಲ್ಲಿ ಬರೆದ ಆವರ್ತನದ ವರ್ಗದಿಂದ ಭಾಗಿಸಿದರೆ ಸಂಕೇತ ಎಷ್ಟು ಮೀಟರ್ ಹಿಂದೆ ಬಿತ್ತು ಎಂಬುದು ಸಿಗುತ್ತದೆ. ಜಿಪಿಎಸ್‌ನ ಎಲ್1 ತರಂಗಕ್ಕೆ ಪ್ರತಿ ಯೂನಿಟ್ಟಿಗೆ ಸುಮಾರು 16 ಸೆಂ.ಮೀ., ಭಾರತದ ಸ್ವಂತ ಉಪಗ್ರಹ ವ್ಯವಸ್ಥೆ ನಾವಿಕ್‌ನ ಎಲ್5ಕ್ಕೆ 29, ಎಸ್ ಬ್ಯಾಂಡಿಗೆ 6.5. ಹಾಗಾಗಿ 62 ಯೂನಿಟ್ ಇದ್ದರೆ ಎಲ್1ರಲ್ಲಿ 10 ಮೀಟರ್ ತಪ್ಪು. ಅಂದರೆ 33 ಅಡಿ, ಒಂದು ಗುಂಟೆಯ ಒಂದು ಬದಿ! ಈ ತಪ್ಪು ಒಂದು ಉಪಗ್ರಹದ ದೂರದಲ್ಲಿ ಬರುವಂಥದ್ದು. ಎಲ್ಲ ಉಪಗ್ರಹಗಳಿಗೂ ಸಮನಾದ ಪಾಲು ರಿಸೀವರಿನ ಗಡಿಯಾರಕ್ಕೆ ಹೋಗಿ ಸೇರುತ್ತದೆ. ಉಪಗ್ರಹ ದಿಗಂತದಿಂದ ಎಷ್ಟು ಮೇಲಿದೆ ಎಂಬುದಕ್ಕೆ ತಕ್ಕಂತೆ ಬದಲಾಗುವ ಪಾಲು ಬಹುಮಟ್ಟಿಗೆ ಎತ್ತರದ ಅಳತೆಗೆ ಸೇರುತ್ತದೆ. ಗಡಿಯ ಅಳತೆಗಿಂತ ಎತ್ತರದ ಅಳತೆ ಹೆಚ್ಚು ಕೆಡುವುದಕ್ಕೆ ಇದೂ ಒಂದು ಕಾರಣ.

ಹೆಚ್ಚು ಬಳಕೆಯಲ್ಲಿರುವುದು ಜಿಪಿಎಸ್ ತಾನೇ ಬಿತ್ತರಿಸುವ ಕ್ಲೊಬುಚಾರ್ ಮಾದರಿ. ಎಂಟೇ ಗುಣಾಂಕಗಳು. ಎಲ್ಲ ಎಲೆಕ್ಟ್ರಾನುಗಳೂ 350 ಕಿ.ಮೀ. ಎತ್ತರದ ತೆಳು ಪೊರೆಯೊಂದರಲ್ಲಿವೆ ಎಂದು ಅದು ಭಾವಿಸುತ್ತದೆ. ರಾತ್ರಿಯ ವಿಳಂಬ ನೆತ್ತಿಯ ನೇರಕ್ಕೆ 5 ನ್ಯಾನೋಸೆಕೆಂಡ್, ಅಂದರೆ 1.5 ಮೀಟರ್. ಹಗಲು ಅದು ಗುಡ್ಡದಂತೆ ಏರಿ, ಸ್ಥಳೀಯ ಕಾಲ ಮಧ್ಯಾಹ್ನ 2ಕ್ಕೆ ಶಿಖರ ಮುಟ್ಟಿ ಇಳಿಯುತ್ತದೆ. ಸ್ಥಳೀಯ ಕಾಲ ಕೈಗಡಿಯಾರದ ಕಾಲವಲ್ಲ: ನಮ್ಮ ಪ್ರಮಾಣ ಕಾಲ 82.5 ಡಿಗ್ರಿ ರೇಖಾಂಶದ್ದು, ಮೈಸೂರು ಇರುವುದು 76.6ರ ಆಸುಪಾಸಿನಲ್ಲಿ. ಹಾಗಾಗಿ ಇಲ್ಲಿ ಆ ಶಿಖರ ಬರುವುದು 2 ಗಂಟೆ 23 ನಿಮಿಷದ ಹೊತ್ತಿಗೆ. ತಪ್ಪಿನಲ್ಲಿ ಸುಮಾರು ಅರ್ಧವನ್ನು ತೆಗೆಯುವುದಷ್ಟೇ ಈ ಮಾದರಿಯ ಗುರಿ. ಯೂರೋಪಿನ ಉಪಗ್ರಹ ವ್ಯವಸ್ಥೆ ಗೆಲಿಲಿಯೊ ಬಳಸುವ ನೆಕ್ವಿಕ್ ಮತ್ತು ಸಂಶೋಧಕರ ಐಆರ್‌ಐ ಮಾದರಿಗಳು ಎತ್ತರಕ್ಕೆ ತಕ್ಕಂತೆ ಸಾಂದ್ರತೆಯನ್ನು ಲೆಕ್ಕ ಹಾಕುತ್ತವೆ. ಐಆರ್‌ಐ ಕೊಡುವುದು ತಿಂಗಳ ಸರಾಸರಿ. ಇವತ್ತಿನ ಮಧ್ಯಾಹ್ನ ಹೇಗಿದೆ ಎಂದು ಅದನ್ನು ಕೇಳಬಾರದು.

ನಮ್ಮ ಸೀಮೆಯ ತೊಡಕು ಬೇರೆಯದೇ. ಭೂಮಿಯ ಕಾಂತಕ್ಷೇತ್ರ ನೆಲಕ್ಕೆ ಸಮಾಂತರವಾಗಿರುವ ಗೆರೆ, ಅಂದರೆ ಕಾಂತೀಯ ಸಮಭಾಜಕ, ಭಾರತದ ದಕ್ಷಿಣ ತುದಿಯ ಸಮೀಪ ಹಾದುಹೋಗುತ್ತದೆ. ಅಲ್ಲಿ ಹಗಲಿನ ವಿದ್ಯುತ್ ಕ್ಷೇತ್ರ ಎಲೆಕ್ಟ್ರಾನುಗಳನ್ನು ಕಾರಂಜಿಯಂತೆ ಮೇಲಕ್ಕೆ ಎತ್ತುತ್ತದೆ. ಅವು ಕಾಂತ ರೇಖೆಗಳ ಗುಂಟ ಜಾರಿ ಉತ್ತರಕ್ಕೂ ದಕ್ಷಿಣಕ್ಕೂ ಸುರಿಯುತ್ತವೆ. ಉತ್ತರದ ದಿಬ್ಬ ಬೀಳುವುದು ಅಹಮದಾಬಾದ್, ಭೋಪಾಲ್‌ಗಳ ಕಡೆ. ಮೈಸೂರು, ಮಂಡ್ಯ ಇರುವುದು ತಗ್ಗಿನಿಂದ ದಿಬ್ಬಕ್ಕೆ ಏರುವ ಇಳಿಜಾರಿನಲ್ಲಿ. ಮಂಡ್ಯದಿಂದ ದಿಗಂತಕ್ಕೆ 20 ಡಿಗ್ರಿ ಮೇಲಿರುವ ಉಪಗ್ರಹವನ್ನು ನೋಡಿದರೆ, ಕಿರಣ ಆ 350 ಕಿ.ಮೀ. ಪೊರೆಯನ್ನು ತೂರುವ ಜಾಗ ಸುಮಾರು 780 ಕಿ.ಮೀ. ಆಚೆಗಿರುತ್ತದೆ. ದಕ್ಷಿಣದ ಉಪಗ್ರಹದ ಕಿರಣ ಕನ್ಯಾಕುಮಾರಿಯಾಚೆಯ ಕಡಲ ಮೇಲೆ ತೂರಿದರೆ, ಉತ್ತರದ್ದು ಮಹಾರಾಷ್ಟ್ರದ ನಡುಭಾಗದ ಮೇಲೆ. ಒಂದೇ ಕ್ಷಣ, ಒಂದೇ ಆಂಟೆನಾ, ಎರಡು ಬೇರೆ ಬೇರೆ ಆಕಾಶ. ನೆತ್ತಿಯ ನೇರದ ವಿಳಂಬವನ್ನು ಓರೆ ಕಿರಣದ ವಿಳಂಬಕ್ಕೆ ಬದಲಿಸಲು 2.2ರಿಂದ ಗುಣಿಸುವಾಗ ಈ ಏರುತಗ್ಗು ಮರೆಯಾಗಿಬಿಡುತ್ತದೆ. ಜಿಪಿಎಸ್ ತಪ್ಪನ್ನು ತಿದ್ದುವ ಭಾರತದ ಗಗನ್ ವ್ಯವಸ್ಥೆಗೆ ಇಸ್ರೊ ಒಂದೇ ಪೊರೆಯ ಬದಲು ಹಲವು ಪೊರೆಗಳ ಮಾದರಿಯನ್ನು ಕಟ್ಟಿದ್ದು ಈ ಕಾರಣಕ್ಕೇ, ಮತ್ತು ಅದು ಸರಿಯಾದ ನಿರ್ಧಾರ.

ಎರಡು ಆವರ್ತನಗಳ ರಿಸೀವರ್ ಇದ್ದರೆ ಮಾದರಿಯ ಹಂಗು ಬಹುತೇಕ ಇಲ್ಲ: ಎರಡರ ವಿಳಂಬಗಳ ವ್ಯತ್ಯಾಸದಿಂದಲೇ ಟೆಕ್ ಸಿಗುತ್ತದೆ. ಆದರೆ ಎಲ್1, ಎಲ್2 ಬೆರೆಸಿದಾಗ ಅಳತೆಯ ಗದ್ದಲ ಸುಮಾರು ಮೂರು ಪಟ್ಟಾಗುತ್ತದೆ. ಆರ್‌ಟಿಕೆಯಲ್ಲಿ (ಗೊತ್ತಿರುವ ಬಿಂದುವಿನ ಮೇಲಿಟ್ಟ ರಿಸೀವರ್, ಅಂದರೆ ಬೇಸ್, ರೋವರಿಗೆ ತಿದ್ದುಪಡಿ ಕಳಿಸುವ ಕ್ರಮ) ಬೇಸ್ ಹತ್ತು ಕಿಲೋಮೀಟರಿನೊಳಗಿದ್ದರೆ ಇಬ್ಬರ ಆಕಾಶವೂ ಹೆಚ್ಚುಕಡಿಮೆ ಒಂದೇ, ತಪ್ಪು ಕಳೆದುಹೋಗುತ್ತದೆ. ದೂರ ಹೆಚ್ಚಿದಂತೆ, ಅದರಲ್ಲೂ ಮಧ್ಯಾಹ್ನ, ‘ಫಿಕ್ಸ್’ (ಸೆಂಟಿಮೀಟರ್ ಮಟ್ಟದ ಸ್ಥಾನ) ಸಿಗದೆ ಅಷ್ಟು ಖಚಿತವಲ್ಲದ ‘ಫ್ಲೋಟ್’ನಲ್ಲೇ ನಿಲ್ಲುತ್ತದೆ. ಆಗ ಬೇಸನ್ನು ಹತ್ತಿರ ತನ್ನಿ, 15 ಡಿಗ್ರಿಗಿಂತ ಕೆಳಗಿನ ಉಪಗ್ರಹಗಳನ್ನು ಬಿಡಿ.

ಯಾವ ಮಾದರಿಯೂ ಹಿಡಿಯಲಾರದ್ದು ಸಂಜೆಯ ಗುಳ್ಳೆಗಳು. ಸೂರ್ಯ ಮುಳುಗಿದ ಮೇಲೆ ಕೆಳಪದರಗಳು ಬೇಗ ಕರಗಿ, ಎಲೆಕ್ಟ್ರಾನು ವಿರಳವಾದ ಗುಳ್ಳೆಗಳು ಮೇಲೇಳುತ್ತವೆ. ಸಂಕೇತ ನಕ್ಷತ್ರದಂತೆ ಮಿನುಗಿ ರಿಸೀವರಿನ ಹಿಡಿತ ತಪ್ಪುತ್ತದೆ. ಸೌರಚಟುವಟಿಕೆ ಜೋರಾಗಿರುವ ವರ್ಷಗಳಲ್ಲಿ, ಮಾರ್ಚ್-ಏಪ್ರಿಲ್ ಮತ್ತು ಸೆಪ್ಟೆಂಬರ್-ಅಕ್ಟೋಬರ್‌ಗಳಲ್ಲಿ, ಇದು ರಾತ್ರಿ 8ರಿಂದ ನಡುರಾತ್ರಿವರೆಗೆ ಹೆಚ್ಚು. ಆ ತಿಂಗಳುಗಳಲ್ಲಿ ಸರ್ವೆಗೆ ಆಧಾರವಾಗುವ ಕಂಟ್ರೋಲ್ ಪಾಯಿಂಟ್‌ನ ದೀರ್ಘ ಅಳತೆಯನ್ನು ಬೆಳಿಗ್ಗೆಗೇ ಇಟ್ಟುಕೊಳ್ಳಿ.