ಕಸದ ಗುಂಡಿಗೆ ಜೇಡಿಮಣ್ಣಿನ ತಳ: ಸೋರಿಕೆ ನಿಲ್ಲಿಸುವುದು ದಪ್ಪವಲ್ಲ, ಹದ

ಕಸದ ರಾಶಿಯೊಳಗೆ ಇಳಿದ ಮಳೆನೀರು ಅಮೋನಿಯಾ, ಕ್ಲೋರೈಡ್, ಲೋಹಗಳನ್ನು ಕರಗಿಸಿಕೊಂಡು ಕಪ್ಪು ರಸವಾಗುತ್ತದೆ. ಇದೇ ಲೀಚೇಟ್. ಹಳ್ಳವೋ ಪಾಳುಬಿದ್ದ ಕ್ವಾರಿಯೋ ಸಿಕ್ಕಲ್ಲಿ ಕಸ ಸುರಿಯುತ್ತಿದ್ದ ಕಾಲದಲ್ಲಿ, ಕೆಳಗಿನ ಮಣ್ಣೇ ಇದನ್ನು ಸೋಸುತ್ತದೆಂಬ ನಂಬಿಕೆಯಿತ್ತು. ಲೋಹಗಳ ಮಟ್ಟಿಗೆ ಅದು ಅಷ್ಟಿಷ್ಟು ನಿಜ. ಜೇಡಿಯ ಕಣಗಳು ಅವನ್ನು ಹಿಡಿದಿಡುತ್ತವೆ. ಕ್ಲೋರೈಡ್ ಮಾತ್ರ ಯಾವ ಮಣ್ಣಿಗೂ ಸಿಕ್ಕದೆ ನೀರಿನೊಡನೆ ಅಂತರ್ಜಲ ಸೇರುತ್ತದೆ.

ಅಮೆರಿಕದ 1976ರ ಆರ್‌ಸಿಆರ್‌ಎ (ಸಂಪನ್ಮೂಲ ಸಂರಕ್ಷಣೆ ಮತ್ತು ಮರುಗಳಿಕೆ) ಕಾಯ್ದೆ ಬಯಲಲ್ಲಿ ಕಸ ಸುರಿಯುವುದನ್ನು ನಿಷೇಧಿಸಿತು. ಮುಂದೆ ಕಸದ ಗುಂಡಿಯ ಅಡಿಗೆ ಹಾಸುವ ಜೇಡಿ ತಳಕ್ಕೆ ಒಂದು ಅಳತೆ ನಿಂತಿತು: ನೀರು ಹಾಯಿಸುವ ಗುಣ ಸೆಕೆಂಡಿಗೆ ಸೆಂಟಿಮೀಟರಿನ ಕೋಟಿಯಲ್ಲೊಂದು ಭಾಗ ಮೀರಬಾರದು. ಪ್ರಯೋಗಾಲಯದಲ್ಲಿ ಮಣ್ಣು ಇದನ್ನು ಸಲೀಸಾಗಿ ಮುಟ್ಟುತ್ತಿತ್ತು. ಆದರೆ ನಿಜವಾದ ಗುಂಡಿಗಳಲ್ಲಿ ಸೋರಿಕೆ ಸಾಮಾನ್ಯವಾಗಿ 10ರಿಂದ 1000 ಪಟ್ಟು ಹೆಚ್ಚಿದೆಯೆಂದು 1984ರಲ್ಲಿ ಎಂಜಿನಿಯರ್ ಡೇವಿಡ್ ಡೇನಿಯಲ್ ತೋರಿಸಿದರು.

ದೊಡ್ಡ ತಪ್ಪಿತಸ್ಥ ಹೆಂಟೆ. ಪ್ರಯೋಗಾಲಯದಲ್ಲಿ ಪುಡಿಮಾಡಿ ಜರಡಿ ಹಿಡಿದ ಮಣ್ಣು. ಕೆಲಸದ ಜಾಗದಲ್ಲಿ ಮುಷ್ಟಿಗಾತ್ರದ ಗಟ್ಟಿ ಉಂಡೆಗಳು. ಒಣಗಿದ್ದಾಗ ರೋಲರ್ ಹಾಯಿಸಿದರೆ ಉಂಡೆ ಒಡೆಯುವುದಿಲ್ಲ, ನೀರು ಸಂದಿಯಲ್ಲಿ ಓಡುತ್ತದೆ. ಹಾಗಾಗಿ ಅತಿ ಹೆಚ್ಚು ಸಾಂದ್ರತೆ ಕೊಡುವ ತೇವಾಂಶಕ್ಕಿಂತ ಶೇ 2ರಿಂದ 4ರಷ್ಟು ಹೆಚ್ಚು ನೀರುಣಿಸಿ, ಅದು ಹೆಂಟೆಯೊಳಕ್ಕೆ ಇಳಿಯುವತನಕ ಕಾಯಬೇಕು. ನಂತರ ಒಂದೊಂದು ಪದರವೂ ದಟ್ಟಿಸಿದಾಗ 15 ಸೆಂಟಿಮೀಟರ್ ಬರುವಂತೆ ಹರಡಿ, ಮೈತುಂಬ ಗೂಟಗಳಿರುವ ಶೀಪ್ಸ್‌ಫೂಟ್ ರೋಲರಿನಿಂದ ನಾದಬೇಕು. ರೋಲರಿನ ಗೂಟಗಳು ಕೆಳಪದರವನ್ನು ಮುಟ್ಟದಿದ್ದರೆ ಎರಡು ಪದರಗಳ ನಡುವೆ ನೀರಿಗೆ ದಾರಿ ಉಳಿಯುತ್ತದೆ. ಪರೀಕ್ಷೆಗೆಂದು ಮಣ್ಣು ತೆಗೆದ ತೂತನ್ನು ಬೆಂಟೊನೈಟ್ (ನೀರು ಕುಡಿದು ಉಬ್ಬುವ ಜೇಡಿ) ತುಂಬಿ ಮುಚ್ಚದೆ ಬಿಡುವವರೂ ಇದ್ದಾರೆ. ಅಷ್ಟೆಲ್ಲ ಬೆವರು ಸುರಿಸಿ ಕೊನೆಗೆ ತಳಕ್ಕೇ ಕೊಳವೆ ಇಟ್ಟಂತೆ!

ಎಲ್ಲ ಸರಿಯಾದರೂ ಜೇಡಿ ತಡೆಯುವುದಿಲ್ಲ, ತಡಮಾಡುತ್ತದೆ. 60 ಸೆಂಟಿಮೀಟರ್ ದಪ್ಪದ ತಳದ ಮೇಲೆ 30 ಸೆಂಟಿಮೀಟರ್ ರಸ ನಿಂತರೆ ಹೆಕ್ಟೇರಿಗೆ ದಿನಕ್ಕೆ ಸುಮಾರು 1,300 ಲೀಟರ್ ಇಳಿಯುತ್ತದೆ. ಇದಕ್ಕಾಗಿಯೇ 1991ರ ಅಮೆರಿಕದ ನಿಯಮ 60 ಸೆಂಟಿಮೀಟರ್ ಜೇಡಿಯ ಮೇಲೆ ಪ್ಲಾಸ್ಟಿಕ್ ಹಾಳೆಯನ್ನೂ ಕೇಳಿತು. ಹಾಳೆ ಎಚ್‌ಡಿಪಿಇ (ಹೆಚ್ಚು ಸಾಂದ್ರತೆಯ ಪಾಲಿಥೀನ್) ಆದರೆ ದಪ್ಪ 1.5 ಮಿಲಿಮೀಟರ್. ಹಾಳೆಗೆ ತೂತು ಬಿದ್ದರೆ ರಸ ಆ ಆಸುಪಾಸಿನ ಜೇಡಿಯಲ್ಲಷ್ಟೇ ಇಳಿಯುತ್ತದೆ. ಆದರೆ ಹಾಳೆ ಜೇಡಿಗೆ ಅಂಟಿ ಕೂತಿರಬೇಕು. ಸುಕ್ಕಿದ್ದರೆ ರಸ ಅದರಡಿ ದೂರದವರೆಗೆ ಹರಿಯುತ್ತದೆ.

ಕಟ್ಟಿ ಮುಗಿಸಿದ ಮೇಲೆ ಬಿಸಿಲೇ ಶತ್ರು. ಹಾಗೇ ಬಿಟ್ಟ ಜೇಡಿ ಬೇಗ ಬಿರಿಯುತ್ತದೆ. ಕಪ್ಪು ಹಾಳೆ ಹೊದಿಸಿದರೂ ಅದು ಕಾದು, ಅಡಿಯ ತೇವ ಆವಿಯಾಗಿ, ಇಳಿಜಾರಿನ ಬುಡಕ್ಕೆ ಹರಿದು, ಮೇಲ್ಭಾಗ ಒಣಗುತ್ತದೆ. ರಸ ಬಸಿದುಹೋಗಲು ಹಾಳೆಯ ಮೇಲೆ ಹಾಕುವ ಜಲ್ಲಿ ಪದರವನ್ನು ತಡಮಾಡದೆ ಹರಡಬೇಕಿರುವುದು ಇದಕ್ಕೇ.